ಸ್ನೇಹಿತನ ಎದೆನೋವು

ಅವನು ನಡೆಯುವ ರೀತಿಯನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಇಪ್ಪತ್ತೆಂಟರ ಪ್ರಾಯದ, ನೀಳವಾಗಿ ಬೆಳೆದ, ಕಾಲಿನಲ್ಲಿ ಯಾವ ಊನವೂ ಇಲ್ಲದ ಆ ತರುಣ ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ, ಕಂಠಮಟ್ಟ ತುಂಬಿದ ಕೊಡವನ್ನು ಹೊತ್ತು ಜಾರುವ ನೆಲದ ಮೇಲೆ ಬರುತ್ತಿರುವವನಂತೆ, ಹೆಜ್ಜೆಗೆ ಹೆಜ್ಜೆ ಅಳೆದು ಬರುತ್ತಿದ್ದ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವು ವಿದ್ವಾಂಸರ ವಿನಯಕ್ಕೆ ಮೀಸಲಿಟ್ಟಿದ್ದೇವೆ. ಇವನದು ವಿನಯವಲ್ಲ, ಎಲ್ಲಿ ತುಳುಕಿಬಿಡುವುದೋ ಎಂಬ ದಿಗಿಲು. ಬಲಗೈಯ ಎರಡು ಬೆರಳು ಸದಾ ಎಡಗೈಯ ಮಣಿಕಟ್ಟಿನ ಮೇಲಿರುತ್ತಿದ್ದವು. ಕೈಗಡಿಯಾರದ ಪಟ್ಟಿ ಸರಿಪಡಿಸಿಕೊಳ್ಳುತ್ತಿದ್ದಾನೆಂದು ಕಂಡವರು ತಿಳಿಯಬೇಕು, ಅಷ್ಟು ನಯವಾಗಿ ಅವನು ತನ್ನ ನಾಡಿಯನ್ನು ತಾನೇ ಎಣಿಸಿಕೊಂಡು ಓಡಾಡುತ್ತಿದ್ದ.

ಹೃದಯದ ಲೆಕ್ಕ ಅವನ ಕಸುಬೂ ಆಗಿತ್ತೆನ್ನಿ. ಆಸ್ಪತ್ರೆಯ ಎರಡನೆಯ ಮಹಡಿಯ ತುದಿಯ ಕೋಣೆಯಲ್ಲಿ ಇಸಿಜಿ ತೆಗೆಯುವವನು ಅವನು. ಐವತ್ತೆಂಟರಲ್ಲಿ ನನ್ನ ಹೃದಯದ ರಕ್ತನಾಳವೊಂದು ಕಟ್ಟಿಕೊಂಡು, ಅದರೊಳಗೊಂದು ಸ್ಟೆಂಟ್ ಕೂರಿಸಿಕೊಂಡು ಮನೆಗೆ ಮರಳಿದ ಮೇಲೆ, ಮೂರು ತಿಂಗಳಿಗೊಮ್ಮೆ ಆ ಕೋಣೆಯ ಕಿರಿದಾದ ಮಂಚದ ಮೇಲೆ ಅಂಗಿ ಬಿಚ್ಚಿ ಅಂಗಾತ ಮಲಗುವ ಯೋಗ ನನ್ನದಾಯಿತು. ಅವನು ಕಾಲ ಬುಡದಲ್ಲಿ ನಿಂತು ಕೈಕಾಲುಗಳಿಗೆ ನಾಲ್ಕು ಬಣ್ಣದ ಕ್ಲಿಪ್ಪು ಹಾಕುವನು, ಎದೆಯ ಮೇಲೆ ಆರು ಪುಟ್ಟ ಲೋಹದ ಬಟ್ಟಲುಗಳನ್ನು ಅಂಟಿಸುವನು, ಆಮೇಲೆ ಯಂತ್ರದ ಕಡೆ ತಿರುಗಿ, ಯಾವ ಏರಿಳಿತವೂ ಇಲ್ಲದ ದನಿಯಲ್ಲಿ, "ಅಲ್ಲಾಡಬೇಡಿ. ಮಾತಾಡಬೇಡಿ. ಮಾಮೂಲಿಯಾಗಿ ಉಸಿರಾಡಿ," ಎನ್ನುವನು. ಗುಲಾಬಿ ಬಣ್ಣದ ಚೌಕಳಿ ಕಾಗದ ಚರಚರನೆ ಹೊರಬರುವುದು. "ಆಯ್ತು." ದಿನಕ್ಕೆ ಐವತ್ತು ಸಲ ಈ ನಾಲ್ಕು ಮಾತು. ಹೀಗಾಗಿ ಇಡೀ ಆಸ್ಪತ್ರೆ ಅವನನ್ನು ಕರೆಯುತ್ತಿದ್ದುದೇ ಅಲ್ಲಾಡಬೇಡಿ ಎಂದು. "ಅಲ್ಲಾಡಬೇಡಿ ಊಟಕ್ಕೆ ಹೋದ್ನಾ?" "ಅಲ್ಲಾಡಬೇಡಿನ ಸ್ವಲ್ಪ ಕೆಳಗೆ ಕಳಿಸಿ." ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳದ ಪಟ್ಟಿ ಬಿಟ್ಟರೆ ಬೇರೆ ಯಾರೂ ಬಳಸಿದಂತೆ ಕಾಣೆ.

ಮಾತು ಒಣಕಲಾದರೂ ಕೈ ಹಾಗಿರಲಿಲ್ಲ. ಎದೆಗೆ ಸವರುವ ಜೆಲ್ಲು ತಣ್ಣಗಿರುತ್ತದೆ. ಅದರ ಬಾಟಲಿಯನ್ನು ಅವನು ಎರಡು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಸವರುತ್ತಿದ್ದ. ಬಟ್ಟಲುಗಳನ್ನೂ ಒಂದೊಂದಾಗಿ ಮುಷ್ಟಿಯಲ್ಲಿ ಹಿಡಿದು ಕಾಯಿಸುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಅವನ ಕೆಲಸದಲ್ಲಿ ತಪ್ಪು ಹುಡುಕಿದವರಿಲ್ಲ. ಬೇರೆಯವರು ತೆಗೆದ ಕಾಗದದಲ್ಲಿ ತಪ್ಪು ಹುಡುಕುವವನು ಮಾತ್ರ ಅವನೇ. ಕೆಂಪು ಕ್ಲಿಪ್ಪು ರೋಗಿಯ ಬಲಗೈಗೆ, ಹಳದಿ ಎಡಗೈಗೆ. ಅವಸರದಲ್ಲಿ ಯಾರಾದರೂ ಅದನ್ನು ಅದಲುಬದಲು ಮಾಡಿದರೆ ಕಾಗದದ ಮೊದಲ ಸಾಲು ತಲೆಕೆಳಗಾಗಿ ಬರುತ್ತದೆ, ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಪಾಳಿಯ ಜೊತೆಗಾರನೊಬ್ಬ ಅಂಥದೊಂದು ಕಾಗದ ಹಿಡಿದು ಗಾಬರಿಯಿಂದ ಓಡಿಬಂದಾಗ ಇವನು ಹೇಳಿದ ಮಾತು ಆಸ್ಪತ್ರೆಯಲ್ಲಿ ಗಾದೆಯೇ ಆಗಿಹೋಗಿತ್ತು: "ಗೆರೆ ತಲೆಕೆಳಗಾಗಿದ್ರೆ ಮೊದಲು ನಿನ್ನ ಕೈ ನೋಡ್ಕೊ, ಆಮೇಲೆ ಅವರ ಹೃದಯ ನೋಡು."

ಲಿಫ್ಟು ರೋಗಿಗಳಿಗೆ, ನೌಕರರಿಗೆ ಮೆಟ್ಟಿಲು. ಮೆಟ್ಟಿಲು ತಿರುಗುವ ಜಾಗದ ಗೋಡೆಯಲ್ಲಿ ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವುದು ಹೇಗೆಂದು ಐದು ಸಾಲಿನ ಸೂಚನೆಯೊಂದಿತ್ತು. ಅಲ್ಲಾಡಬೇಡಿ ಪ್ರತಿಸಲವೂ ಅಲ್ಲಿ ನಿಂತು, ಮೊದಲಿಂದ ಕೊನೆಯವರೆಗೆ, ಪರೀಕ್ಷೆಗೆ ಕೂರುವ ಶ್ರದ್ಧೆಯಿಂದ ಅದನ್ನು ಓದುತ್ತಿದ್ದ. ಲಿಫ್ಟಿನ ಸಾಲಿಗೆ ಬೇಸತ್ತು ನಾನೂ ಮೆಟ್ಟಿಲಲ್ಲಿ ನಿಂತು ನಿಂತು ಹತ್ತುವ ಗಿರಾಕಿಯೇ ಆದ್ದರಿಂದ ಒಮ್ಮೆ ಇಬ್ಬರೂ ಅಲ್ಲಿ ಜೊತೆಯಾದೆವು.

"ಏನಪ್ಪಾ, ಇನ್ನೂ ಬಾಯಿಪಾಠ ಆಗಿಲ್ವಾ?" ಎಂದೆ.

"ಗೊತ್ತಿರ್ಲಿ ಅಂತ ಸರ್. ಬೆಂಕಿ ಯಾವಾಗ ಬೀಳುತ್ತೆ ಅಂತ ಹೇಳಕ್ಕಾಗಲ್ಲ," ಎಂದ. ಬೆರಳು ಮಣಿಕಟ್ಟಿನ ಮೇಲೆಯೇ ಇತ್ತು.

ಆವತ್ತೇ ಮೊದಲ ಬಾರಿಗೆ ಅವನ ಸ್ನೇಹಿತನ ಪ್ರಸ್ತಾಪ ಬಂದದ್ದು. ಕ್ಲಿಪ್ಪು ಹಾಕುತ್ತ, ನನ್ನ ಮುಖ ನೋಡದೆ ಕೇಳಿದ. "ಸರ್, ನಿಮಗೆ ಅವತ್ತು ನೋವು ಬಂತಲ್ಲ, ಚುಚ್ಚಿದ ಹಾಗಿತ್ತಾ, ಹಿಂಡಿದ ಹಾಗಿತ್ತಾ?"

"ಕಲ್ಲು ಹೇರಿದ ಹಾಗಿತ್ತು. ಯಾಕೆ?"

"ಏನಿಲ್ಲ. ನನ್ನ ಸ್ನೇಹಿತನೊಬ್ಬನಿಗೆ ಆಗಾಗ ಚುಚ್ಚುತ್ತೆ ಅಂತಾನೆ. ಇಲ್ಲಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಸ್ನೇಹಿತನ ನೋವನ್ನು ಹೇಳುತ್ತ ತನ್ನ ಎಡ ಎದೆಯನ್ನೇ ಒಂದು ಬೆರಳಿನಿಂದ ಒತ್ತಿ ತೋರಿಸಿದ.

ಆ ಸ್ನೇಹಿತ ಮುಂದೆ ನನಗೂ ಪರಿಚಿತನಾದ. ಅವನಿಗೆ ಕೂತಲ್ಲಿಯೇ ನೋವು ಬರುವುದು, ಒಮ್ಮೆ ಕ್ಷಣಮಾತ್ರ, ಒಮ್ಮೆ ಇಡೀ ಮಧ್ಯಾಹ್ನ. ಅವನ ಹೃದಯ ಒಮ್ಮೊಮ್ಮೆ ಒಂದು ಬಡಿತವನ್ನು ಮರೆತು ಮುಂದಿನದನ್ನು ಜೋರಾಗಿ ಬಡಿಯುವುದು. ಅವನು ಚಹಾ ಬಿಟ್ಟಿದ್ದಾನೆ, ಚೆಂಡಾಟ ಬಿಟ್ಟಿದ್ದಾನೆ, ಬಸ್ಸಿಗೆ ಓಡುವುದನ್ನು ಬಿಟ್ಟಿದ್ದಾನೆ. ಹೃದ್ರೋಗ ವಿಭಾಗದ ಹಿರಿಯ ವೈದ್ಯೆ, ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದ ಗಟ್ಟಿ ಗಂಟಲಿನ ಹೆಂಗಸು, ಅವರ ಹತ್ತಿರವೂ ಇವನು ಸ್ನೇಹಿತನ ಅಹವಾಲು ಒಯ್ದಿದ್ದನಂತೆ. "ಕರ್ಕೊಂಡು ಬಾರೋ ಅವನನ್ನ. ನಿನ್ನ ಬಾಯಲ್ಲಿ ಅವನ ಎದೆ ಹೆಂಗೆ ನೋಡ್ಲಿ?" ಎಂದು ಅವರು ಗದರಿದ್ದರು. ಸ್ನೇಹಿತ ಬರಲಿಲ್ಲ. ಬರುವುದಾದರೂ ಎಲ್ಲಿಂದ?

ನಾನು ಎರಡನೆಯ ಸಲಕ್ಕೇ ಗುಟ್ಟು ತಿಳಿದಿದ್ದೆ. ತಿಳಿದೂ ಸುಮ್ಮನಿದ್ದೆ. ಅವನ ಮರ್ಯಾದೆ ಕಾಯುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ನಿಜ ನುಡಿಯಬೇಕೆಂದರೆ, ಇನ್ನೊಬ್ಬನ ಭಯವನ್ನು ಕೈಗೆ ತೆಗೆದುಕೊಳ್ಳಲು ನನಗೆ ಸೋಮಾರಿತನ. ಈ ಬರಹದಲ್ಲಿ ನಾನು ಅವನನ್ನು ಅಷ್ಟಿಷ್ಟು ತಮಾಷೆ ಮಾಡಿದ್ದರೆ ಓದುಗರು ನನ್ನ ಈ ಪಾಲನ್ನೂ ನೆನಪಿಡಬೇಕು.

ಅವನ ಬಾಡಿಗೆಯ ಕೋಣೆಗೆ ನಾನೊಮ್ಮೆ ಹೋಗಿದ್ದೆ, ಆಸ್ಪತ್ರೆಯಲ್ಲಿ ಮರೆತ ನನ್ನ ಕನ್ನಡಕವನ್ನು ಅವನು ಎತ್ತಿಟ್ಟಿದ್ದನೆಂದು. ಮೊದಲು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಗಾಳಿ ಬೆಳಕಿನ ಕೋಣೆಯಲ್ಲಿದ್ದವನು ಮೆಟ್ಟಿಲಿಗೆ ಹೆದರಿ ನೆಲಮಾಳಿಗೆಗೆ ಇಳಿದಿದ್ದ. ಕಿಟಕಿ ತೆರೆದರೆ ನಿಲ್ಲಿಸಿದ ವಾಹನಗಳ ಚಕ್ರಗಳು. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಮಂಚದ ಪಕ್ಕದ ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಒಂದು ದೂರವಾಣಿ ಸಂಖ್ಯೆ, ಅದರ ಕೆಳಗೆ 'ಅಕ್ಕ' ಎಂದು. ಅಕ್ಕನ ಸಂಖ್ಯೆ ತಮ್ಮನಿಗೆ ಬಾಯಿಗೆ ಬರುವುದಿಲ್ಲವೇ? ಅದು ಅವನಿಗಾಗಿ ಬರೆದದ್ದಲ್ಲ. ಅವನು ಹೇಳಲಾಗದ ಸ್ಥಿತಿಯಲ್ಲಿದ್ದಾಗ ಒಳಗೆ ಬರುವವರಿಗಾಗಿ. ಹೊರಡುವಾಗ, "ಬಾಗಿಲ ಚಿಲಕ ಕಿತ್ತುಹೋಗಿದೆಯಲ್ಲಪ್ಪ, ಸರಿಮಾಡಿಸ್ಕೊ," ಎಂದೆ. "ನಾನೇ ತೆಗೆಸಿದ್ದು ಸರ್. ಹೆಚ್ಚುಕಮ್ಮಿ ಆದ್ರೆ ಪಾಪ, ಯಾರೋ ಬಾಗಿಲು ಒಡೀಬೇಕಾಗುತ್ತೆ," ಎಂದ, ಮಳೆ ಬಂದರೆ ಕೊಡೆ ಬೇಕಾಗುತ್ತದೆ ಎನ್ನುವಷ್ಟು ಸಹಜವಾಗಿ. ಆ ಮಾತು ಕೇಳಿ ನನಗೆ ದುಃಖವಾಯಿತು. ದುಃಖವಾಯಿತು, ಕನ್ನಡಕ ತೆಗೆದುಕೊಂಡು ಮನೆಗೆ ಬಂದೆ.

ಇದರ ಮೂಲ ಎಲ್ಲಿತ್ತೆಂಬುದನ್ನು ಅವನು ನನಗೆ ಹೇಳಿದ್ದು ಬಹಳ ತಡವಾಗಿ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೊರಿಯರ್ ಹಂಚುವ ತರುಣನೊಬ್ಬ ಕೈಯಲ್ಲಿ ಹೆಲ್ಮೆಟ್ ಹಿಡಿದು, ನಡೆದುಕೊಂಡೇ, ಎದೆನೋವೆಂದು ಬಂದ. ಇವನದೇ ವಯಸ್ಸು, ಇಪ್ಪತ್ತಾರು. ಗ್ಯಾಸ್ ಇರಬೇಕು, ಆಫೀಸಿನವರ ಬಲವಂತಕ್ಕೆ ಬಂದೆ ಎಂದು ನಗುತ್ತ ಮಲಗಿದ. ಜೆಲ್ಲು ತಾಗಿದೊಡನೆ, "ಏನ್ ಸಾರ್, ಐಸ್ ಹಚ್ತಾ ಇದೀರಾ?" ಎಂದ. ಆಗಿನ್ನೂ ಇವನಿಗೆ ಬಾಟಲಿ ಬಿಸಿಮಾಡುವ ಅಭ್ಯಾಸವಿರಲಿಲ್ಲ. "ಮಾತಾಡಬೇಡಿ," ಎಂದ ಇವನು. ಕಾಗದ ಹೊರಬಂತು, ನೋಡಿದವನೇ ಡಾಕ್ಟರಮ್ಮನನ್ನು ಕರೆಯಲು ಓಡಿದ. ಸಂಜೆಯೊಳಗೆ ಆ ತರುಣ ತೀರಿಕೊಂಡ. ಹೆಲ್ಮೆಟ್ ಮೂರು ದಿನ ಇವನ ಕೋಣೆಯ ಕುರ್ಚಿಯ ಕೆಳಗೇ ಇತ್ತು, ಆಮೇಲೆ ಅವನ ಅಣ್ಣ ಬಂದು ಒಯ್ದ. ನಾಲ್ಕನೆಯ ದಿನ ಅಲ್ಲಾಡಬೇಡಿಯ ಎಡ ಎದೆಯಲ್ಲಿ ಮೊದಲ ಸಲ ಚುಚ್ಚಿತು.

ಆ ದಿನಗಳಲ್ಲಿ ಅವನಿಗೆ ಒಂದು ಸುಖವೂ ಇತ್ತು. ಕೆಳಗಿನ ಔಷಧಿ ಕೌಂಟರಿನಲ್ಲಿ ಒಬ್ಬಳು ಹುಡುಗಿ ಕೆಲಸ ಮಾಡುತ್ತಿದ್ದಳು. ಯಾವ ವೈದ್ಯರ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನೂ ಓದಬಲ್ಲವಳೆಂದು ಹೆಸರಾದವಳು. ಮಧ್ಯಾಹ್ನ ಆಸ್ಪತ್ರೆಯ ಹಿಂಬದಿಯ ಬೆಂಚಿನ ಮೇಲೆ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದರು. "ಡಾಕ್ಟರ ಗೆರೆ ನಾನು ಓದ್ತೀನಿ, ರೋಗಿಗಳ ಗೆರೆ ನೀವು ಓದ್ತೀರಿ. ನಮ್ಮಿಬ್ಬರಿಂದಲೇ ಆಸ್ಪತ್ರೆ ನಡೀತಿರೋದು," ಎಂದು ಅವಳು ನಗುತ್ತಿದ್ದಳಂತೆ. ಒಂದು ದಿನ ಡಬ್ಬಿಯ ಮುಚ್ಚಳ ಹಾಕುತ್ತ, "ಭಾನುವಾರ ನಮ್ಮಮ್ಮನ್ನ ನೋಡೋಕೆ ಬರ್ತೀರಾ?" ಎಂದಳು. ಅದರ ಅರ್ಥ ತಿಳಿಯದಷ್ಟು ಮುಗ್ಧ ಅವನಲ್ಲ. ಹೂಂ ಎನ್ನಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೆ ಎದೆಯಲ್ಲಿ ಚುಚ್ಚುವುದನ್ನಿಟ್ಟುಕೊಂಡು ಒಬ್ಬಳ ತಾಯಿಯ ಮುಂದೆ ಹೋಗಿ ಕೂರುವುದು ಹೇಗೆ? ಮೊದಲು ನೋಡಿಬಿಡೋಣ, ಆಮೇಲೆ ನಿಶ್ಚಿಂತೆಯಾಗಿ ಹೂಂ ಎನ್ನೋಣ ಎಂದುಕೊಂಡ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಕೋಣೆಯ ಬಾಗಿಲು ಮುಂದೆ ಮಾಡಿ, ತನ್ನ ಮಂಚದ ಮೇಲೆ ತಾನೇ ಕೂತು, ಕೈಕಾಲಿಗೆ ನಾಲ್ಕು ಕ್ಲಿಪ್ಪು ಹಾಕಿಕೊಂಡ. ಯಾರಾದರೂ ಬಂದಾರೆಂಬ ಗಡಿಬಿಡಿಯಲ್ಲಿ ಎದೆಯ ಬಟ್ಟಲುಗಳ ಗೋಜಿಗೆ ಹೋಗಲಿಲ್ಲ. ಗುಂಡಿ ಒತ್ತಿದ. ಕಾಗದ ಬಂತು. ಮೊದಲ ಸಾಲು ಮೇಲಕ್ಕೆ ಏಳಬೇಕಾದಲ್ಲೆಲ್ಲ ಕೆಳಕ್ಕೆ ಬಿದ್ದಿತ್ತು.

ಹೃದಯದ ಒಂದು ಪಕ್ಕದ ಗೋಡೆ ಸತ್ತುಹೋಗಿದ್ದರೆ ಗೆರೆ ಹೀಗೆ ಬರಬಹುದೆಂದು ಅವನಿಗೆ ಗೊತ್ತಿತ್ತು. ಅಷ್ಟು ಮಾತ್ರ ಗೊತ್ತಿದ್ದುದೇ ಅನರ್ಥವಾಯಿತು. ಏನೂ ತಿಳಿಯದವನಾಗಿದ್ದರೆ ಕಾಗದ ಹಿಡಿದು ವೈದ್ಯರ ಬಳಿ ಓಡುತ್ತಿದ್ದ. ಎಲ್ಲ ತಿಳಿದವನಾಗಿದ್ದರೆ ನಕ್ಕು ಹರಿದು ಎಸೆಯುತ್ತಿದ್ದ. ಇವನು ಅದನ್ನು ಎಂಟು ಮಡಿಕೆ ಮಾಡಿ ಕೋಟಿನ ಎದೆಜೇಬಿನಲ್ಲಿಟ್ಟುಕೊಂಡ. ಭಾನುವಾರ ಹೋಗಲಿಲ್ಲ. ಸೋಮವಾರದಿಂದ ಊಟವನ್ನು ಯಂತ್ರದ ಕೋಣೆಯಲ್ಲೇ ಮುಗಿಸತೊಡಗಿದ. ಮೂರು ವಾರ ಕಾದು ಅವಳು ಎರಡು ಮಹಡಿ ಹತ್ತಿ ಬಂದು, "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದಳು. "ಇಲ್ಲ," ಎಂದ. ಅವಳು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು ಇಳಿದುಹೋದಳು. ವರ್ಷ ತುಂಬುವ ಮೊದಲೇ ಬೇರೆ ಊರಿನಲ್ಲಿ ಕೆಲಸ ಹಿಡಿದಳು. ಅಕ್ಕ ಪ್ರತಿ ಭಾನುವಾರ ಫೋನು ಮಾಡಿ ಹೇಗಿದ್ದೀಯೋ ಎಂದರೆ, "ಚೆನ್ನಾಗಿದೀನಿ ಅಕ್ಕ," ಎನ್ನುತ್ತಿದ್ದ. ಜೇಬಿನ ಕಾಗದ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಿನಕ್ಕೆ ಐವತ್ತು ಹೃದಯಗಳ ಚಿತ್ರ ಬರೆಸುವ ಯಂತ್ರ ಮಗ್ಗುಲಲ್ಲೇ ಇದ್ದರೂ ತನ್ನದನ್ನು ಇನ್ನೊಮ್ಮೆ ತೆಗೆದು ನೋಡುವ ಧೈರ್ಯ ಅವನಿಗೆ ಎರಡು ವರ್ಷ ಬರಲಿಲ್ಲ.

ಗುಟ್ಟು ಹೊರಬಿದ್ದದ್ದು ನನ್ನ ಪೆದ್ದುತನದಿಂದ. ಒಂದು ಮಧ್ಯಾಹ್ನ ನನ್ನ ಸರದಿ ಮುಗಿಯುತ್ತಿದ್ದಂತೆ ಯಂತ್ರದ ಕಾಗದದ ಸುರುಳಿ ಖಾಲಿಯಾಗಿ, ಅವನು ಹೊಸದನ್ನು ತರಲು ಹೋದ. ಕನ್ನಡಕ ತೆಗೆದಿಟ್ಟಿದ್ದ ನನಗೆ ನೆಲದ ಮೇಲೆ ಗುಲಾಬಿ ಬಣ್ಣದ ಕಾಗದವೊಂದು ಮಸುಕಾಗಿ ಕಂಡಿತು. ನನ್ನ ಹೃದಯದ್ದೇ ತುಂಡು ಉದುರಿದೆಯೆಂದು ಎತ್ತಿ, ಬಿಡಿಸಿ, ಮಂಚದ ಮೇಲಿದ್ದುದರ ಜೊತೆ ಸೇರಿಸಿದೆ. ಅವನು ನನ್ನ ಮೇಲೆ ಬಾಗಿದಾಗ ಜೇಬಿನಿಂದ ಜಾರಿದ್ದೆಂದು ನನಗೇನು ಗೊತ್ತು? ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಎರಡನ್ನೂ ಅವರ ಕೈಗಿತ್ತೆ.

"ಇದು ನಿಮ್ದು, ಪರವಾಗಿಲ್ಲ, ಚೆನ್ನಾಗಿದೆ," ಎಂದವರು ಎರಡನೆಯದನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದರು. "ಇದ್ಯಾರದು? ಮಡಿಕೆ ಮಡಿಕೆಗೆ ಹರಿದಿದೆ. ಎದೆಯದ್ದು ತೆಗೆದೇ ಇಲ್ಲ. ಕೈ ಬೇರೆ ಅದಲುಬದಲು ಮಾಡಿದ್ದಾರೆ."

ಅಲ್ಲಾಡಬೇಡಿ ಸುರುಳಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ನನ್ನ ಸ್ನೇಹಿತಂದು ಮೇಡಂ," ಎಂದ.

ಡಾಕ್ಟರಮ್ಮ ಕಾಗದ ನೋಡಿದರು, ಅವನನ್ನು ನೋಡಿದರು. ಗಟ್ಟಿ ಗಂಟಲು ಮೊದಲ ಬಾರಿಗೆ ತಗ್ಗಿತು. "ನಿನ್ನ ಸ್ನೇಹಿತ ಇದನ್ನ ತಾನೇ ತೆಗ್ದುಕೊಂಡ್ನೇನೋ?"

ಅವನು ತನ್ನ ಎರಡು ಕೈಗಳನ್ನು ಮುಂದೆ ಚಾಚಿ, ಒಂದಾದ ಮೇಲೆ ಒಂದನ್ನು ನೋಡತೊಡಗಿದ. ಏಳು ವರ್ಷ ರೋಗಿಗಳ ಕಾಲ ಬುಡದಲ್ಲಿ ನಿಂತು ಕ್ಲಿಪ್ಪು ಹಾಕಿದವನು. ಎದುರಿಗೆ ಮಲಗಿದವರ ಬಲಗೈ ಯಾವಾಗಲೂ ಅವನ ಎಡಗಡೆಗೇ ಬರುತ್ತದೆ. ಆದ್ದರಿಂದ ಕೆಂಪು ಎಂದರೆ ಎಡಗಡೆಯ ಕೈ ಎಂದು ಅವನ ಬೆರಳುಗಳು ಕಲಿತುಬಿಟ್ಟಿದ್ದವು. ತನಗೆ ತಾನೇ ಹಾಕಿಕೊಂಡಾಗಲೂ ಬೆರಳುಗಳು ಕಲಿತದ್ದನ್ನೇ ಮಾಡಿದ್ದವು. ಊರಿಗೆಲ್ಲ ಪಾಠ ಹೇಳಿದವನು ತನ್ನ ಕೈಯನ್ನು ತಾನು ನೋಡಿಕೊಂಡಿರಲಿಲ್ಲ.

"ಮಲಕ್ಕೋ," ಎಂದರು ಡಾಕ್ಟರಮ್ಮ.

ಅಂಗಿ ಬಿಚ್ಚಿ ಮಲಗಿದ. ಕ್ಲಿಪ್ಪುಗಳನ್ನು ಅವರೇ ಹಾಕಿದರು, ಬಟ್ಟಲುಗಳನ್ನೂ. ಜೆಲ್ಲು ತಣ್ಣಗಿದ್ದಿರಬೇಕು, ಬೆಚ್ಚಿಬಿದ್ದ. ಸಾವಿರಾರು ಜನರಿಗೆ ಅಲ್ಲಾಡಬೇಡಿ ಎಂದವನ ಮೈ ನಡುಗುತ್ತಿತ್ತು. ಮೊದಲ ಕಾಗದ ಗೀಚುಗೀಚಾಗಿ ಬಂತು, ಎರಡನೆಯದೂ ಹಾಗೆಯೇ. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಸುಮ್ನೆ ಯಾಕ್ರೀ ನಿಂತಿದೀರ, ಅವನ ಕಾಲು ಹಿಡ್ಕೊಳ್ಳಿ," ಎಂದರು. ಹಿಡಿದುಕೊಂಡೆ. ಪಾದಗಳು ತಣ್ಣಗಿದ್ದವು. "ಅಲ್ಲಾಡಬೇಡ ಮಗ," ಎಂದರು ಅವರು. ಅವನು ಕಣ್ಣು ಮುಚ್ಚಿದ. ಮೂರನೆಯ ಕಾಗದ ಬಂತು. ಸಾಲು ಸಾಲಾಗಿ, ಎಲ್ಲಿ ಏಳಬೇಕೋ ಅಲ್ಲೇ ಎದ್ದು, ಎಲ್ಲಿ ಇಳಿಯಬೇಕೋ ಅಲ್ಲೇ ಇಳಿದಿತ್ತು.

ಆಮೇಲೆ ರಕ್ತ ಪರೀಕ್ಷೆಯಾಯಿತು, ಸ್ಕ್ಯಾನ್ ಆಯಿತು, ಟ್ರೆಡ್‌ಮಿಲ್ಲಿನ ಪಟ್ಟಿಯ ಮೇಲೆ ಓಡಿಸಿಯೂ ನೋಡಿದರು. ಎಲ್ಲ ನಿರ್ಮಲ. "ಹಂಗಾದ್ರೆ ನೋವು ಸುಳ್ಳಾ ಮೇಡಂ?" ಎಂದು ಕೇಳಿದನಂತೆ. "ನೋವು ಸುಳ್ಳಲ್ವೋ. ಹೃದಯದ್ದಲ್ಲ, ಅಷ್ಟೆ. ಮೂಳೆ ಸೇರೋ ಜಾಗದ್ದು ಸ್ವಲ್ಪ, ಹೆದರಿ ಮುದುಡಿಕೊಂಡು ನಡೆದದ್ದು ಸ್ವಲ್ಪ. ಉಳಿದಿದ್ದಕ್ಕೆ ನನ್ನ ಹತ್ರ ಹೆಸರಿಲ್ಲ. ಹೊಸ ಥರ ನೋವು ಬಂದ್ರೆ ಸ್ನೇಹಿತನ್ನ ಕಳಿಸ್ಬೇಡ, ನೀನೇ ಬಾ," ಎಂದರಂತೆ.

ಅವನು ಖುಷಿಯಾದನೇ ಎಂದು ಕೇಳುವಿರಿ. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಸಲ ಹೋದಾಗ ಅವನು ಮೆಟ್ಟಿಲು ತಿರುಗುವಲ್ಲಿ ನಿಲ್ಲದೆ ದಾಪುಗಾಲು ಹಾಕಿ ಹತ್ತಿಹೋದ. ಮೇಲೆ ತಲುಪಿದ ಮೇಲೆ ಏನೋ ಮರೆತವನಂತೆ ಹಿಂತಿರುಗಿ ನೋಡಿದ. ಬೆರಳು ಮಣಿಕಟ್ಟಿನ ಮೇಲಿರಲಿಲ್ಲ, ಎಲ್ಲಿಡಬೇಕೆಂದು ತೋಚದೆ ಕೋಟಿನ ಗುಂಡಿ ತಿರುವುತ್ತಿತ್ತು. ಕ್ಲಿಪ್ಪು ಹಾಕುತ್ತ, "ಚಿಲಕ ಹಾಕಿಸಿದೆ ಸರ್," ಎಂದ. ಒಳ್ಳೇದಾಯ್ತಪ್ಪ ಎಂದೆ. ಸ್ವಲ್ಪ ತಡೆದು ಹೇಳಿದ: "ಅವಳಿಗೆ ಮದುವೆ ಆಯ್ತಂತೆ. ಹೋದ ವರ್ಷಾನೇ." ನಾನು ಏನೋ ಹೇಳಹೊರಟೆ. "ಮಾತಾಡಬೇಡಿ," ಎಂದು ಯಂತ್ರದ ಕಡೆ ತಿರುಗಿದ.

ಇಂಥವರು ನಮ್ಮ ನಡುವೆ ಎಷ್ಟು ಮಂದಿಯೋ. ಪರರ ಎದುರಿಗೆ ನಿಂತು ನಿಂತು ಅವರ ಎಡಬಲಗಳನ್ನು ತಪ್ಪಿಲ್ಲದೆ ಬಲ್ಲವರು, ತಮ್ಮ ಎಡ ಯಾವುದು ಬಲ ಯಾವುದೆಂದು ತಿಳಿಯದೆ ಹೋದವರು. ತಣ್ಣನೆಯದನ್ನೆಲ್ಲ ಬೇರೆಯವರಿಗಾಗಿ ಅಂಗೈಯಲ್ಲಿ ಕಾಯಿಸುತ್ತಾರೆ. ತಮ್ಮ ಭಯವನ್ನು ಮಾತ್ರ ಇಲ್ಲದ ಸ್ನೇಹಿತನೊಬ್ಬನ ಹೆಸರಿಗೆ ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಅವರಿಗೆ ದೊಡ್ಡ ಔಷಧವೇನೂ ಬೇಕಾಗಿರುವುದಿಲ್ಲ. ಎದುರಿಗೆ ನಿಂತು ಕೆಂಪು ಕ್ಲಿಪ್ಪನ್ನು ಅವರ ಬಲಗೈಗೆ ಹಾಕುವವರೊಬ್ಬರು ಬೇಕು, ನಡುಗುವಾಗ ಕಾಲು ಹಿಡಿದುಕೊಳ್ಳುವವರೊಬ್ಬರು ಬೇಕು, ಅದೂ ಹೊತ್ತಿಗೆ ಸರಿಯಾಗಿ. ನಾನು ಎರಡು ವರ್ಷ ತಡವಾಗಿ ಹಿಡಿದೆ. ಈಗ ಯಾರಾದರೂ ನನ್ನೆದುರು, "ನನ್ನ ಸ್ನೇಹಿತನೊಬ್ಬನಿಗೆ..." ಎಂದು ಮಾತು ತೆಗೆದರೆ, ನಾನು ಎದ್ದು ಅವರಿಗೆ ಕುರ್ಚಿ ಎಳೆದುಕೊಡುತ್ತೇನೆ, ಸ್ನೇಹಿತ ಕೂತುಕೊಳ್ಳಲಿ ಎಂದು.